ಶಬ್ದದ ಹೊಸ್ತಿಲಲ್ಲಿ ನಿಂತ ಮಾರುತ



ರಜೆಗೆ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗದ ಹೊರನಾಡ ಕನ್ನಡಿಗರು ಕಡಿಮೆ. ಅಲ್ಲಿ ಒಂದು ಹಳೆಯ ಯುದ್ಧವಿಮಾನವಿದೆ. ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ, ಬಾಲದಲ್ಲಿ ಅಕ್ಕಪಕ್ಕ ಎರಡು ಕೊಳವೆಗಳು. ಮುಂಬಯಿಯಲ್ಲಿರುವವರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ, ವರ್ಲಿಯ ನೆಹರೂ ಸೈನ್ಸ್ ಸೆಂಟರಿನಲ್ಲಿ ಅದರ ಒಡಹುಟ್ಟೊಂದಿದೆ. ಹೆಸರು ಎಚ್‌ಎಫ್-24 ಮಾರುತ. ಭಾರತದಲ್ಲೇ ವಿನ್ಯಾಸಗೊಂಡು, ಭಾರತದಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಹುಟ್ಟಿದ ಊರು ನಮ್ಮ ಬೆಂಗಳೂರು.

ಅದನ್ನು ನೋಡಿದ ಕೂಡಲೇ ಮಕ್ಕಳು ಕೇಳುವ ಮೊದಲ ಪ್ರಶ್ನೆ ಒಂದೇ: "ಇದು ಎಷ್ಟು ಸ್ಪೀಡಾಗಿ ಹೋಗ್ತಿತ್ತು?"

ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಹೋಗಬೇಕು ಎಂದು ಕಾಗದದಲ್ಲಿ ಬರೆದದ್ದು ಶಬ್ದದ ಎರಡರಷ್ಟು ವೇಗದಲ್ಲಿ. ನಿಜಕ್ಕೂ ಹೋದದ್ದು ಶಬ್ದದ ವೇಗಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಇಷ್ಟು ದೊಡ್ಡ ಅಂತರ ಹೇಗೆ ಬಂತು? ವಿಮಾನದ ಆಕಾರ ತಪ್ಪಿತ್ತೇ? ಕಟ್ಟಿದವರಿಗೆ ಕೆಲಸ ಬರುತ್ತಿರಲಿಲ್ಲವೇ? ಎರಡೂ ಅಲ್ಲ. ಆ ಕಥೆಯನ್ನೇ ಈ ಸಲ ಹೇಳೋಣ ಎಂದುಕೊಂಡಿದ್ದೇನೆ.

ಶಬ್ದದ ಬಾಗಿಲು

ಮೊದಲು ಒಂದಿಷ್ಟು ವಿಜ್ಞಾನ. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಉಷ್ಣಾಂಶದಲ್ಲಿ, ಶಬ್ದ ಗಂಟೆಗೆ ಸುಮಾರು 1,225 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನ. ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಅದು ಸುಮಾರು 1,060 ಕಿಲೋಮೀಟರಿಗೆ ಇಳಿದಿರುತ್ತದೆ. ವಿಮಾನ ಇರುವ ಜಾಗದ ಶಬ್ದದ ವೇಗಕ್ಕೆ ಹೋಲಿಸಿ ಅದರ ವೇಗ ಹೇಳುವ ಅಳತೆಯೇ ಮ್ಯಾಕ್. ಆಸ್ಟ್ರಿಯಾದ ವಿಜ್ಞಾನಿ ಅರ್ನ್ಸ್ಟ್ ಮ್ಯಾಕ್ ಅವರ ಹೆಸರಿನದು. ಮ್ಯಾಕ್ 1 ಎಂದರೆ ಶಬ್ದದಷ್ಟೇ ವೇಗ, ಮ್ಯಾಕ್ 2 ಎಂದರೆ ಅದರ ಎರಡರಷ್ಟು.

ವಿಮಾನ ಮುಂದೆ ಸಾಗುವಾಗ ಗಾಳಿಯನ್ನು ತಳ್ಳುತ್ತದೆ. ಆ ತಳ್ಳುವಿಕೆಯ ಸುದ್ದಿ ಶಬ್ದದ ವೇಗದಲ್ಲಿ ಮುಂದಕ್ಕೆ ಓಡಿ, ಮುಂದಿನ ಗಾಳಿ ಮೊದಲೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಜಾತ್ರೆಯಲ್ಲಿ ತೇರು ಬರುವ ಮುಂಚೆ ವಾದ್ಯದ ಸದ್ದು ಕೇಳಿ ಜನ ಸರಿದು ನಿಂತ ಹಾಗೆ. ತೇರೇ ಸದ್ದಿನಷ್ಟು ವೇಗವಾಗಿ ಬಂದರೆ? ಯಾರಿಗೂ ಸರಿಯಲು ಸಮಯವಿಲ್ಲ. ಗಾಳಿ ವಿಮಾನದ ಮುಂದೆ ಒತ್ತಾಗಿ ಕೂಡಿಬಿದ್ದು ಗೋಡೆಯಂತಾಗುತ್ತದೆ. ಇದನ್ನು ಆಘಾತ ತರಂಗ ಎನ್ನುತ್ತಾರೆ. ಮ್ಯಾಕ್ 0.9ರ ಆಸುಪಾಸಿನಿಂದ ವಿಮಾನವನ್ನು ಹಿಂದಕ್ಕೆ ಎಳೆಯುವ ಬಲ ಒಮ್ಮೆಲೇ ಏರತೊಡಗುತ್ತದೆ.

1947ರ ಅಕ್ಟೋಬರ್ 14ರಂದು ಅಮೆರಿಕದ ಚಕ್ ಯೇಗರ್ ರಾಕೆಟ್ ವಿಮಾನದಲ್ಲಿ ಈ ಬಾಗಿಲನ್ನು ದಾಟಿದರು. ಅಲ್ಲಿಂದ ಮುಂದೆ ಜಗತ್ತಿನ ಎಲ್ಲ ವಾಯುಪಡೆಗಳಿಗೂ ಅದೇ ಹಂಬಲ. ಆದರೆ ಬಾಗಿಲು ದಾಟಲು ಎರಡು ವಸ್ತು ಬೇಕು. ಒಂದು, ಗಾಳಿಗೆ ಹೆಚ್ಚು ತೊಂದರೆ ಕೊಡದ ಆಕಾರ: ತೆಳ್ಳನೆಯ ಹಿಂಬಾಗಿದ ರೆಕ್ಕೆ, ಸಪೂರ ಒಡಲು. ಇನ್ನೊಂದು, ಉಳಿದ ಎಳೆತವನ್ನು ಮೀರಿ ನೂಕುವ ಇಂಜಿನ್. ಎರಡರಲ್ಲಿ ಒಂದಿದ್ದು ಇನ್ನೊಂದಿಲ್ಲದಿದ್ದರೆ ಸಾಲದು.

ಅಮೆರಿಕನ್ನರೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. 1953ರಲ್ಲಿ ಹಾರಿದ ಅವರ ವೈಎಫ್-102 ವಿಮಾನ ಶಬ್ದಾತೀತವಾಗಬೇಕಿತ್ತು, ಆದರೆ ಸಮತಲ ಹಾರಾಟದಲ್ಲಿ ಮ್ಯಾಕ್ 1 ದಾಟಲೇ ಇಲ್ಲ. ರಿಚರ್ಡ್ ವಿಟ್‌ಕಾಂಬ್ ಎಂಬ ಸಂಶೋಧಕರು ಕಂಡುಕೊಂಡಿದ್ದ ಸೂತ್ರ ಅದರ ನೆರವಿಗೆ ಬಂತು. ರೆಕ್ಕೆ ಇರುವ ಕಡೆ ಒಡಲನ್ನು ಸಣ್ಣ ಮಾಡಿ, ಅಂದರೆ ವಿಮಾನಕ್ಕೊಂದು ಸೊಂಟ ಕೊಟ್ಟು, ಮೂಗಿನಿಂದ ಬಾಲದವರೆಗೆ ಅಡ್ಡಗಾತ್ರ ಏಕಾಏಕಿ ಏರಿಳಿಯದಂತೆ ನೋಡಿಕೊಳ್ಳಬೇಕು. ಹಾಗೆ ತಿದ್ದಿದ ವಿಮಾನ 1954ರ ಡಿಸೆಂಬರಿನಲ್ಲಿ ಹಾರಿ ಬಾಗಿಲು ದಾಟಿತು.

ಬೇಡಿಕೆ ಪಟ್ಟಿ

ಈಗ ಬೆಂಗಳೂರಿಗೆ ಬರೋಣ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಇಂದಿನ ಎಚ್‌ಎಎಲ್, 1950ರ ದಶಕದ ಹೊತ್ತಿಗೆ ವಿಮಾನ ರಿಪೇರಿ ಮತ್ತು ಜೋಡಣೆಯಲ್ಲಿ ಪಳಗಿತ್ತು. ಜರ್ಮನಿಯಲ್ಲಿ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಸ್ವಂತವಾಗಿ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿತ್ತು. ಅದು ಪ್ರೊಪೆಲ್ಲರ್ ವಿಮಾನ. ಅಲ್ಲಿಂದ ಶಬ್ದಾತೀತ ಜೆಟ್‌ಗೆ ಹಾರುವುದೆಂದರೆ ಬಾಲವಾಡಿಯಿಂದ ನೇರ ಎಂ.ಎ.ಗೆ ಹೋದ ಹಾಗೆ.

ಆ ಕಾಲದಲ್ಲಿ ಭಾರತೀಯ ವಾಯುಪಡೆ ಸಿದ್ಧಪಡಿಸಿದ ಬೇಡಿಕೆ ಪಟ್ಟಿಯನ್ನು ಇಂದು ಓದಿದರೂ ಉಸಿರು ಬಿಗಿಯಾಗುತ್ತದೆ. ವಿಮಾನ ಎತ್ತರದಲ್ಲಿ ಮ್ಯಾಕ್ 2 ವೇಗ ಮುಟ್ಟಬೇಕು. 60,000 ಅಡಿ, ಅಂದರೆ 18 ಕಿಲೋಮೀಟರಿಗೂ ಮೇಲೆ ಏರಬೇಕು. 500 ಮೈಲಿ, ಸುಮಾರು 800 ಕಿಲೋಮೀಟರ್ ದೂರ ಹೋಗಿ ಹೋರಾಡಿ ಮರಳಬೇಕು. ಶತ್ರುವಿಮಾನವನ್ನು ಆಕಾಶದಲ್ಲಿ ತಡೆಯಬೇಕು, ಅದೇ ವಿಮಾನ ನೆಲಕ್ಕೆ ಹತ್ತಿರ ಹಾರಿ ಟ್ಯಾಂಕು, ರೈಲುಗಳನ್ನೂ ಹೊಡೆಯಬೇಕು. ಇಷ್ಟು ಸಾಲದೆಂಬಂತೆ ಮುಂದೆ ಅದನ್ನೇ ತರಬೇತಿ ವಿಮಾನವಾಗಿಯೂ, ಎಲ್ಲ ಹವೆಗೂ ಒಗ್ಗುವ ವಿಮಾನವಾಗಿಯೂ, ಹಡಗಿನ ಮೇಲಿಂದ ಹಾರುವ ವಿಮಾನವಾಗಿಯೂ ಮಾರ್ಪಡಿಸುವಂತಿರಬೇಕು.

ಹುಡುಗಿ ನೋಡಲು ಹೋಗುವಾಗ ಕೆಲವರು ಇಟ್ಟುಕೊಳ್ಳುವ ಪಟ್ಟಿಯ ನೆನಪಾಗುತ್ತದಲ್ಲವೇ! ಆದರೆ ಬೇಡಿಕೆಯನ್ನು ಪೂರಾ ತಮಾಷೆ ಮಾಡುವಂತಿಲ್ಲ. ಹೊಸ ದೇಶ, ಬಡ ದೇಶ. ಹತ್ತು ಕೆಲಸಕ್ಕೆ ಹತ್ತು ಬಗೆಯ ವಿಮಾನ ಕೊಳ್ಳುವ ಶಕ್ತಿ ಇರಲಿಲ್ಲ. ಒಂದರಲ್ಲೇ ಎಲ್ಲವೂ ಆಗಲಿ ಎಂಬ ಆಸೆ ಸಹಜವೇ.

ಈ ಕೆಲಸಕ್ಕೆ ಕರೆಸಿದ್ದು ಕುರ್ಟ್ ಟ್ಯಾಂಕ್ ಅವರನ್ನು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ಫೋಕೆ-ವುಲ್ಫ್ 190 ವಿಮಾನದ ವಿನ್ಯಾಸಕಾರ. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಪುಲ್ಕಿ-2 ಎಂಬ ಜೆಟ್ ವಿಮಾನ ಮಾಡಿದ್ದರು. 1955ರಲ್ಲಿ ಅಲ್ಲಿ ಪೆರೋನ್ ಸರ್ಕಾರ ಉರುಳಿ ಕೆಲಸ ನಿಂತಿತು. 1956ರ ಆಗಸ್ಟಿನಲ್ಲಿ ಅವರು ಬೆಂಗಳೂರಿಗೆ ಬಂದರು. ಅವರ ಹಿಂದೆ ಜರ್ಮನ್ ಇಂಜಿನಿಯರುಗಳ ಒಂದು ಸಣ್ಣ ತಂಡವೂ ಬಂತು. ಕೆಲಸದ ಬಹುಪಾಲು ಹೊತ್ತವರು ನಮ್ಮವರೇ. ಜಗತ್ತಿಗೆ ಹೆಚ್ಚು ಗೊತ್ತಿಲ್ಲದ ನೂರಾರು ಡ್ರಾಫ್ಟ್ಸ್‌ಮನ್‌ಗಳು, ಫಿಟ್ಟರುಗಳು, ಇಂಜಿನಿಯರುಗಳು.

ಪಟ್ಟಿಯ ಸಾಲು, ಲೋಹದ ಆಕಾರ

ಬೇಡಿಕೆ ಪಟ್ಟಿಯ ಒಂದೊಂದು ಸಾಲೂ ವಿಮಾನದ ಮೈಮೇಲೆ ಹೇಗೆ ಗುರುತು ಬಿಡುತ್ತದೆ ನೋಡಿ.

ಮ್ಯಾಕ್ 2 ಬೇಕು ಎಂದಾಕ್ಷಣ ರೆಕ್ಕೆ ತೆಳ್ಳಗಾಗಬೇಕು, ಹಿಂದಕ್ಕೆ ಬಾಗಬೇಕು. ಮಾರುತದ ರೆಕ್ಕೆ ಸುಮಾರು 45 ಡಿಗ್ರಿ ಬಾಗಿದೆ. ವಿಟ್‌ಕಾಂಬ್ ಸೂತ್ರದಂತೆ ಒಡಲಿಗೆ ಸೊಂಟ ಬಂತು. ಈ ಮಟ್ಟಿಗೆ ಆಕಾರ ಶಬ್ದಾತೀತವೇ.

ದೂರ ಹೋಗಬೇಕು ಎಂದರೆ ಇಂಧನ ಬೇಕು. ರೆಕ್ಕೆ ತೆಳ್ಳಗಿದ್ದರೆ ಅದರೊಳಗೆ ಜಾಗ ಕಡಿಮೆ, ಉಳಿದದ್ದು ಒಡಲಿಗೇ ಬರಬೇಕು. ನೆಲದ ಗುರಿ ಹೊಡೆಯಬೇಕು ಎಂದರೆ 30 ಮಿಲಿಮೀಟರಿನ ನಾಲ್ಕು ಏಡನ್ ಫಿರಂಗಿಗಳು, ಹೊಟ್ಟೆಯೊಳಗೆ ಮಡಚಿಡುವ 50 ರಾಕೆಟ್ಟುಗಳ ಪೆಟ್ಟಿಗೆ, ರೆಕ್ಕೆಯಡಿ ಬಾಂಬು. ನೆಲದ ಹತ್ತಿರದ ದಟ್ಟ ಗಾಳಿಯಲ್ಲಿ ಕುಲುಕಾಟ ತಡೆಯಲು ಗಟ್ಟಿ ಮೈ. ಒಂದೊಂದಕ್ಕೂ ತೂಕ. ಕೊನೆಗೆ ಯುದ್ಧಸಾಮಗ್ರಿ ಹೊತ್ತ ಮಾರುತದ ತೂಕ ಒಂಬತ್ತು ಟನ್ನಿನ ಹತ್ತಿರ ಬಂತು.

ಇಷ್ಟು ತೂಕವನ್ನು ಶಬ್ದದ ಎರಡರಷ್ಟು ವೇಗಕ್ಕೆ ನೂಕುವ ಒಂದೇ ದೊಡ್ಡ ಇಂಜಿನ್ ಭಾರತಕ್ಕೆ ಸುಲಭವಾಗಿ ಸಿಗುವಂತಿರಲಿಲ್ಲ. ಆದ್ದರಿಂದ ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ ಎಂಬ ಚಿಕ್ಕ ಇಂಜಿನ್ನಿನ ಹೊಸ ಮಾದರಿ, ಆರ್ಫಿಯಸ್-12, ಎರಡನ್ನು ಅಕ್ಕಪಕ್ಕ ಕೂಡಿಸುವುದೆಂದು ತೀರ್ಮಾನವಾಯಿತು. ಆಫ್ಟರ್‌ಬರ್ನರ್ ಉರಿಸಿದಾಗ ಒಂದೊಂದೂ ಸುಮಾರು 3,700 ಕಿಲೋ ನೂಕುಬಲ ಕೊಡಬೇಕಿತ್ತು. ಆಫ್ಟರ್‌ಬರ್ನರ್ ಎಂದರೆ ಇಂಜಿನ್ನಿನಿಂದ ಹೊರಬರುವ ಬಿಸಿಗಾಳಿಗೆ ಕೊಳವೆಯಲ್ಲೇ ಮತ್ತೊಮ್ಮೆ ಇಂಧನ ಚಿಮ್ಮಿಸಿ ಉರಿಸುವ ಉಪಾಯ. ಇಂಧನ ನೀರಿನಂತೆ ಖರ್ಚಾಗುತ್ತದೆ, ಆದರೆ ಬಾಗಿಲು ದಾಟಲು ಬೇಕಾದ ಒದೆ ಸಿಗುತ್ತದೆ.

ಲೆಕ್ಕ ಹಾಕಿ. ಎರಡು ಇಂಜಿನ್ ಸೇರಿ 7,400 ಕಿಲೋ ನೂಕುಬಲ, ಒಂಬತ್ತು ಟನ್ ತೂಕ. ಅಂದರೆ ತೂಕದ ಶೇಕಡಾ 80ಕ್ಕೂ ಹೆಚ್ಚು. ಆ ಕಾಲದ ಯಾವ ಶಬ್ದಾತೀತ ವಿಮಾನದ ಪಕ್ಕದಲ್ಲೂ ನಿಲ್ಲಬಹುದಾದ ಲೆಕ್ಕ. ಕಾಗದದ ಮೇಲೆ ಎಲ್ಲವೂ ಸರಿಯಿತ್ತು. ಆ ಇಂಜಿನ್ ಮಾತ್ರ ಇನ್ನೂ ಪೂರ್ತಿ ಹುಟ್ಟಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಿದ್ದರು.

ಮರದ ಹಕ್ಕಿ, ಲೋಹದ ಹಕ್ಕಿ

ವಿಮಾನದ ಆಕಾರ ಪರೀಕ್ಷಿಸಲು ದೊಡ್ಡ ಶಬ್ದಾತೀತ ಗಾಳಿ ಸುರಂಗ ಬೇಕು. ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯಲ್ಲಿ ಅಂಥ ಸುರಂಗ ಕೆಲಸ ಆರಂಭಿಸಿದ್ದು 1967ರಲ್ಲಿ. ಅದಕ್ಕೆ ಕಾಯುವಂತಿರಲಿಲ್ಲ. ಟ್ಯಾಂಕ್ ತಂಡ ಒಂದು ಉಪಾಯ ಹೂಡಿತು. ಮಾರುತದ್ದೇ ಅಳತೆಯ, ಮಾರುತದ್ದೇ ಆಕಾರದ, ಇಂಜಿನ್ ಇಲ್ಲದ ಒಂದು ಮರದ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಅದನ್ನು ಮೇಲಕ್ಕೆ ಎಳೆದೊಯ್ದು ಬಿಟ್ಟರು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಹಾರಿಸಿ, ನಿಧಾನ ವೇಗದಲ್ಲಿ ಅದು ಹೇಗೆ ತಿರುಗುತ್ತದೆ, ಹೇಗೆ ಇಳಿಯುತ್ತದೆ ಎಂದು ಕಲಿತರು.

1961ರ ಜೂನ್ 17ರಂದು ನಿಜವಾದ ಮಾರುತ ಬೆಂಗಳೂರಿನಲ್ಲಿ ನೆಲ ಬಿಟ್ಟಿತು. ಪೈಲಟ್ ವಿಂಗ್ ಕಮಾಂಡರ್ ಸುರಂಜನ್ ದಾಸ್. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಸ್.ಆರ್. ದಾಸ್ ಅವರ ಮಗ. ಒಂದು ವಾರದ ನಂತರ, ಜೂನ್ 24ರಂದು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಮುಂದೆ ಅಧಿಕೃತ ಹಾರಾಟ ನಡೆಯಿತು. ಟ್ಯಾಂಕ್ ಬಂದು ಐದು ವರ್ಷವೂ ತುಂಬಿರಲಿಲ್ಲ. ದೊಡ್ಡ ಸಾಧನೆಯೇ ಸರಿ.

ಆದರೆ ಅದರ ಹೊಟ್ಟೆಯಲ್ಲಿದ್ದದ್ದು ಆರ್ಫಿಯಸ್-12 ಅಲ್ಲ, ಆರ್ಫಿಯಸ್-703. ಆಫ್ಟರ್‌ಬರ್ನರ್ ಇಲ್ಲದ, ಒಂದಕ್ಕೆ 2,200 ಕಿಲೋ ನೂಕುಬಲದ ಇಂಜಿನ್. ಎರಡೂ ಸೇರಿ 4,400. ತೂಕದ ಅರ್ಧಕ್ಕಿಂತ ಕಡಿಮೆ. ಹೊಸ ಇಂಜಿನ್ ಬರುವವರೆಗೆ ತಾತ್ಕಾಲಿಕ ಎಂದುಕೊಂಡು ಕೂಡಿಸಿದ್ದು, ಕೊನೆಯವರೆಗೂ ಅದೇ ಉಳಿಯಿತು.

ಬಾರದ ಇಂಜಿನ್ನಿಗಾಗಿ ಹತ್ತು ವರ್ಷ

ಏನಾಯಿತು? ಬ್ರಿಟನ್ ಸರ್ಕಾರ ಆರ್ಫಿಯಸ್-12ಕ್ಕೆ ಹಣ ಕೊಡುವುದನ್ನು ನಿಲ್ಲಿಸಿತು. ಮುಗಿಸಬೇಕೆಂದರೆ ಉಳಿದ ಖರ್ಚನ್ನು ಭಾರತ ಹೊರಬೇಕಿತ್ತು. ಭಾರತ ಒಪ್ಪಲಿಲ್ಲ. ಆಗಿನ ಕಷ್ಟವನ್ನೂ ನೆನೆಯಬೇಕು. 1957ರಿಂದ ದೇಶಕ್ಕೆ ವಿದೇಶಿ ವಿನಿಮಯದ ತೀವ್ರ ಬರ. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಹೊರಗಿನಿಂದ ತರುವ ಗೋಧಿ, ಎಲ್ಲಕ್ಕೂ ಅದೇ ಪೌಂಡು ಡಾಲರುಗಳು ಬೇಕು. ಕಡತದ ಮುಂದೆ ಕುಳಿತ ಅಧಿಕಾರಿ ಬೇಡ ಎಂದು ಬರೆದದ್ದು ಅರ್ಥವಾಗದ ಮಾತಲ್ಲ. ಆದರೂ ಅದೇ ಕೈ ಬೇಡಿಕೆ ಪಟ್ಟಿಯಲ್ಲಿದ್ದ ಮ್ಯಾಕ್ 2 ಎಂಬ ಸಾಲನ್ನು ಹೊಡೆದುಹಾಕಲಿಲ್ಲ. ಆಸೆ ಉಳಿಯಿತು, ಅದಕ್ಕೆ ಬೇಕಾದ ಹಣ ಉಳಿಯಲಿಲ್ಲ.

ಆಮೇಲೆ ಶುರುವಾಯಿತು ಇಂಜಿನ್ ಹುಡುಕಾಟ. ಸೋವಿಯತ್ ಒಕ್ಕೂಟದ ಆರ್‌ಡಿ-9ಎಫ್ ನೋಡಿದರು. ಕೆಲವು ಸ್ಥಿತಿಗಳಲ್ಲಿ ಅದರೊಳಗೆ ಗಾಳಿಯ ಹರಿವು ಕೆಡುತ್ತಿತ್ತು, ಪದೇ ಪದೇ ಬಿಚ್ಚಿ ಸರಿಮಾಡಬೇಕಿತ್ತು. ಬೇಡವಾಯಿತು. ಈಜಿಪ್ಟಿನಲ್ಲಿ ಫರ್ಡಿನೆಂಡ್ ಬ್ರಾಂಡ್ನರ್ ಎಂಬ ಆಸ್ಟ್ರಿಯಾದ ತಜ್ಞರು ಇ-300 ಎಂಬ ಇಂಜಿನ್ ಮಾಡುತ್ತಿದ್ದರು. ನೆಹರೂ ಮತ್ತು ನಾಸರ್ ಸ್ನೇಹದ ಕಾಲ. ಈಜಿಪ್ಟಿನ ಹೊಸ ಯುದ್ಧವಿಮಾನ ಎಚ್‌ಎ-300ನ್ನು 1964ರಲ್ಲಿ ಮೊದಲು ಹಾರಿಸಿದವರೂ ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ನಾವು ಒಂದು ಮಾರುತವನ್ನೇ ಅಲ್ಲಿಗೆ ಕಳಿಸಿದೆವು. ಒಂದು ಕಡೆ ಆರ್ಫಿಯಸ್, ಇನ್ನೊಂದು ಕಡೆ ಇ-300 ಕೂಡಿಸಿಕೊಂಡು ಅದು 1967ರ ಮಾರ್ಚಿನಲ್ಲಿ ಕೈರೋ ಬಳಿಯ ಹೆಲ್ವಾನಿನಲ್ಲಿ ಹಾರಿತು. ಜೂನಿನಲ್ಲಿ ಇಸ್ರೇಲ್ ಜೊತೆ ಯುದ್ಧ. 1969ರಲ್ಲಿ ಈಜಿಪ್ಟ್ ಆ ಯೋಜನೆಯನ್ನೇ ಮುಚ್ಚಿತು.

ಉಳಿದದ್ದು ಮನೆಯ ಮದ್ದು. ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆ ಇದ್ದ ಆರ್ಫಿಯಸ್-703ಕ್ಕೇ ಆಫ್ಟರ್‌ಬರ್ನರ್ ಜೋಡಿಸಲು ಹೊರಟಿತು. ನೂಕುಬಲ ಸುಮಾರು ಶೇಕಡಾ 18ರಷ್ಟು ಹೆಚ್ಚಿತು. ಆದರೆ ಉರಿ ಹೊರಬರುವ ಕೊಳವೆ ದೊಡ್ಡದಾಗಬೇಕು, ಅದನ್ನು ಸುತ್ತುವ ಬಾಲವೂ ದಪ್ಪಗಾಗಬೇಕು. ಅಕ್ಕಪಕ್ಕ ಎರಡು ಇಂಜಿನ್ ಇದ್ದುದರಿಂದ ಬಾಲ ಮೊದಲೇ ಅಗಲ. ದಪ್ಪ ಬಾಲದ ಹಿಂದೆ ಗಾಳಿ ಸುಳಿ ಸುತ್ತಿ ವಿಮಾನವನ್ನು ಹಿಂದಕ್ಕೆಳೆಯುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು. ಒಂದು ಇಂಜಿನ್ನಿಗೆಂದು ರೂಪಿಸಿದ ಮೈಗೆ ಇನ್ನೊಂದನ್ನು ಸುಮ್ಮನೆ ತೊಡಿಸಲಾಗದು.

1970ರ ಜನವರಿ 10ರಂದು ಆ ಆಫ್ಟರ್‌ಬರ್ನರ್ ಮಾದರಿಯನ್ನು ಹಾರಿಸಲು ಹೊರಟವರು ಅದೇ ಸುರಂಜನ್ ದಾಸ್, ಆಗ ಗ್ರೂಪ್ ಕ್ಯಾಪ್ಟನ್. ಬೆಂಗಳೂರಿನ ರನ್‌ವೇಯಿಂದ ಮೇಲೆದ್ದ ಸ್ವಲ್ಪದರಲ್ಲೇ ವಿಮಾನ ಬಿದ್ದು ಅವರು ತೀರಿಕೊಂಡರು. ಮಾರುತವನ್ನು ಮೊದಲು ಆಕಾಶಕ್ಕೆ ಒಯ್ದವರು ಅದಕ್ಕೆ ಸಿಗದ ಶಕ್ತಿಯನ್ನು ಹುಡುಕುತ್ತಲೇ ಹೋದರು. ಮರಣೋತ್ತರವಾಗಿ ಪದ್ಮಭೂಷಣ ಬಂತು. ಹಳೆ ಮದರಾಸು ರಸ್ತೆಯಿಂದ ಹಳೆಯ ವಿಮಾನ ನಿಲ್ದಾಣದ ಕಡೆಗೆ ಹೋಗುವ ದಾರಿಗೆ ಸುರಂಜನ್ ದಾಸ್ ರಸ್ತೆ ಎಂದು ಹೆಸರಿಟ್ಟರು. ದಿನವೂ ಆ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಸಾವಿರಾರು ಜನರಲ್ಲಿ ಆ ಹೆಸರು ಯಾರದೆಂದು ಎಷ್ಟು ಮಂದಿಗೆ ಗೊತ್ತೋ.

ಚಿಕ್ಕ ಪಟ್ಟಿಯವರು ಗೆದ್ದ ಬಗೆ

ಇದೇ ಹೊತ್ತಿಗೆ ಬೇರೆಯವರು ಮ್ಯಾಕ್ 2 ಹೇಗೆ ಮುಟ್ಟಿದರು? ಕಡಿಮೆ ಕೇಳಿ.

1963ರಲ್ಲಿ ಭಾರತಕ್ಕೆ ಬಂದ ಸೋವಿಯತ್ ಮಿಗ್-21ರ ಬೇಡಿಕೆ ಪಟ್ಟಿ ಚಿಕ್ಕದು: ಬೇಗ ಏರು, ಬೇಗ ಓಡು, ಶತ್ರುವಿಮಾನ ಹೊಡೆದು ಹಿಂತಿರುಗು. ಒಂದೇ ಇಂಜಿನ್, ಕಡಿಮೆ ಇಂಧನ, ಎರಡು ಕ್ಷಿಪಣಿ. ತೂಕ ಏಳೂವರೆ ಟನ್ನಿನ ಒಳಗೆ, ನೂಕುಬಲ 5,700 ಕಿಲೋಗಿಂತ ಹೆಚ್ಚು. ಮ್ಯಾಕ್ 2 ಸಿಕ್ಕಿತು. ದೂರ ಹೋಗುವ ಶಕ್ತಿ ಸಿಗಲಿಲ್ಲ, ಅದನ್ನು ಅವರು ಕೇಳಿಯೂ ಇರಲಿಲ್ಲ.

ಅಮೆರಿಕದ ಎಫ್-104 ಇನ್ನೂ ಒಂದು ಹೆಜ್ಜೆ ಮುಂದೆ. ಎತ್ತರ ಮತ್ತು ವೇಗವೇ ಅದರ ಧ್ಯೇಯ. ಮೊಂಡಾದ, ಚಿಕ್ಕ ರೆಕ್ಕೆ. ಅದರ ಅಂಚು ಎಷ್ಟು ಹರಿತವೆಂದರೆ ನೆಲದ ಮೇಲೆ ನಿಂತಾಗ ಸಿಬ್ಬಂದಿಗೆ ಗಾಯವಾಗದಂತೆ ಕವಚ ಹಾಕುತ್ತಿದ್ದರು. ಪಶ್ಚಿಮ ಜರ್ಮನಿ ಅದೇ ವಿಮಾನ ಕೊಂಡು, ಸಾಮಗ್ರಿ ತುಂಬಿ, ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡುವ ಕೆಲಸಕ್ಕೆ ಹಚ್ಚಿತು. 916 ವಿಮಾನಗಳಲ್ಲಿ 290ಕ್ಕೂ ಹೆಚ್ಚು ಅಪಘಾತಗಳಲ್ಲಿ ನಾಶವಾದವು, ನೂರಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ತರಬೇತಿ, ಹವಾಮಾನ ಹೀಗೆ ಕಾರಣಗಳು ಹಲವು. ಆದರೆ ಒಂದು ಪಟ್ಟಿಗೆ ಹುಟ್ಟಿದ ವಿಮಾನಕ್ಕೆ ಇನ್ನೊಂದು ಪಟ್ಟಿಯ ಕೆಲಸ ಕೊಟ್ಟದ್ದೂ ಅವುಗಳಲ್ಲಿ ಒಂದು.

ವೇಗವೊಂದು ಖರೀದಿಯ ವಸ್ತು. ಅದನ್ನು ಕೊಳ್ಳಲು ದೂರ, ತೂಕ, ಇಂಧನ, ಇಳಿಯುವಾಗಿನ ಸುರಕ್ಷತೆ, ಇವುಗಳಲ್ಲಿ ಏನನ್ನಾದರೂ ಕೊಡಬೇಕು. ಏನನ್ನೂ ಕೊಡದೆ ಎಲ್ಲವನ್ನೂ ಕೊಳ್ಳಬೇಕೆಂದರೆ ಬಲವಾದ ಇಂಜಿನ್ ಬೇಕು. ಮಾರುತ ಎರಡನೆಯ ದಾರಿ ಹಿಡಿದಿತ್ತು, ಆ ಇಂಜಿನ್ ಮಾತ್ರ ಬರಲಿಲ್ಲ.

ಮರುಭೂಮಿಯಲ್ಲಿ ಪರೀಕ್ಷೆ

ಹಾಗಾದರೆ ಮಾರುತ ಸೋತಿತೇ? ಇಲ್ಲಿ ಕಥೆ ಒಂದು ತಿರುವು ಪಡೆಯುತ್ತದೆ.

ಮ್ಯಾಕ್ 2 ಹೋದ ಮೇಲೆ ಪಟ್ಟಿಯಲ್ಲಿ ಏನುಳಿಯಿತು? ದೂರ ಹೋಗುವುದು, ತೂಕ ಹೊರುವುದು, ಗಟ್ಟಿ ಮೈ, ಎರಡು ಇಂಜಿನ್, ನಾಲ್ಕು ಫಿರಂಗಿ. ನೆಲದ ಹತ್ತಿರ ಗಂಟೆಗೆ 1,100 ಕಿಲೋಮೀಟರ್ ವೇಗದಲ್ಲಿ ಅಲುಗಾಡದೆ ಹಾರುವ ಗುಣ. ಅಂದರೆ ನೆಲದಾಳಿಗೆ ಹೇಳಿ ಮಾಡಿಸಿದ ವಿಮಾನ. 1967ರ ಏಪ್ರಿಲ್ 1ರಂದು ವಾಯುಪಡೆಯ 10ನೇ ಸ್ಕ್ವಾಡ್ರನ್ ಮಾರುತದೊಂದಿಗೆ ಸಜ್ಜಾಯಿತು. ತರಬೇತಿಯ 18 ಸೇರಿ ಒಟ್ಟು 147 ಮಾರುತಗಳು ತಯಾರಾದವು.

1971ರ ಡಿಸೆಂಬರಿನ ಯುದ್ಧದಲ್ಲಿ 10 ಮತ್ತು 220ನೇ ಸ್ಕ್ವಾಡ್ರನ್‌ಗಳ ಮಾರುತಗಳು ರಾಜಸ್ಥಾನದ ಜೋಧಪುರ ಮತ್ತು ಉತ್ತರಲಾಯಿಯಿಂದ ಸಿಂಧ್ ಕಡೆಗೆ ಹಾರಿದವು. ಎರಡು ವಾರಗಳಲ್ಲಿ ಸುಮಾರು 300 ಯುದ್ಧ ಹಾರಾಟಗಳು. ಕನಿಷ್ಠ ಮೂರು ಸಲ ನೆಲದ ಗುಂಡು ತಗುಲಿ ಒಂದು ಇಂಜಿನ್ ಕೆಟ್ಟರೂ ಪೈಲಟ್‌ಗಳು ಇನ್ನೊಂದರ ಬಲದಿಂದ ಮನೆಗೆ ಮರಳಿದರು. ದೊಡ್ಡ ಇಂಜಿನ್ ಸಿಗಲಿಲ್ಲವೆಂದು ಕೂಡಿಸಿದ್ದ ಎರಡನೇ ಇಂಜಿನ್ ಈಗ ಜೀವ ಉಳಿಸಿತು. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ತಮ್ಮ ಮಾರುತದ ಫಿರಂಗಿಯಿಂದ ಪಾಕಿಸ್ತಾನದ ಒಂದು ಸೇಬರ್ ವಿಮಾನ ಉರುಳಿಸಿದರು. ನೆಲದ ಗುಂಡಿಗೆ ಕೆಲವು ಮಾರುತಗಳು ಬಲಿಯಾದವು. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಮಾರುತದ ಪೈಲಟ್‌ಗಳಿಗೆ ಮೂರು ವೀರಚಕ್ರಗಳು ಬಂದವು.

ಆದರೆ ಸಂಭ್ರಮದಲ್ಲಿ ಸತ್ಯ ಮರೆಯಬಾರದು. ಹೊಸ ಇಂಜಿನ್ ಇಲ್ಲದೆ ಮಾರುತಕ್ಕೆ ಮುಂದಿನ ಪೀಳಿಗೆ ಹುಟ್ಟಲಿಲ್ಲ. ಆಕಾಶ ಕಾಯುವ ಕೆಲಸ ಮಿಗ್-21ಕ್ಕೆ ಹೋಯಿತು. ಟ್ಯಾಂಕ್ ಜರ್ಮನಿಗೆ ಮರಳಿದರು. 1990ರ ಹೊತ್ತಿಗೆ ಮಾರುತಗಳೆಲ್ಲ ನಿವೃತ್ತಿಯಾದವು. ಹತ್ತು ಹದಿನೈದು ವರ್ಷ ಕಷ್ಟಪಟ್ಟು ಕಲಿತ ವಿನ್ಯಾಸಕಾರರ ತಂಡಕ್ಕೆ ಮುಂದಿನ ಶಬ್ದಾತೀತ ಯುದ್ಧವಿಮಾನದ ಕೆಲಸ ಸಿಗಲಿಲ್ಲ. ಇಂಜಿನ್ನಿನ ಮೇಲೆ ಉಳಿಸಿದ ಹಣಕ್ಕೆ ತೆತ್ತ ನಿಜವಾದ ಬೆಲೆ ಇದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಕೈಬಿಟ್ಟ ಕಲಿಕೆಯೂ ಹಾಗೆಯೇ.

ಮತ್ತೆ ಅದೇ ಬೆಂಗಳೂರು

ಮಾರುತದ ನಲವತ್ತು ವರ್ಷಗಳ ನಂತರ, 2001ರ ಜನವರಿ 4ರಂದು, ಅದೇ ಎಚ್‌ಎಎಲ್ ರನ್‌ವೇಯಿಂದ ಇನ್ನೊಂದು ವಿಮಾನ ಏರಿತು. ಮುಂದೆ ತೇಜಸ್ ಎಂಬ ಹೆಸರು ಪಡೆದ ಹಗುರ ಯುದ್ಧವಿಮಾನ. ಕೋಟಾ ಹರಿನಾರಾಯಣ ಅವರ ತಂಡ ಮಾರುತದ ಕಥೆಯಿಂದ ಒಂದು ಪಾಠ ಕಲಿತಂತಿತ್ತು. ದೇಶದ್ದೇ ಆದ ಕಾವೇರಿ ಇಂಜಿನ್ ತಯಾರಾಗುತ್ತಿದ್ದರೂ ಅದಕ್ಕಾಗಿ ಕಾದು ಕೂರದೆ, ಅಮೆರಿಕದ ಜಿಇ ಕಂಪನಿಯ ಎಫ್-404 ಇಂಜಿನ್ ಕೂಡಿಸಿಕೊಂಡು ಮೊದಲು ಹಾರಿದರು. 2003ರ ಆಗಸ್ಟ್ 1ರಂದು ತೇಜಸ್ ಮ್ಯಾಕ್ 1 ದಾಟಿತು. 2016ರ ಜುಲೈ 1ರಂದು ಬೆಂಗಳೂರಿನಲ್ಲೇ ಅದರ ಮೊದಲ ಸ್ಕ್ವಾಡ್ರನ್ ಆರಂಭವಾಯಿತು.

ಆದರೆ ಪಾಠದ ಇನ್ನೊಂದರ್ಧ ಬಾಕಿಯಿದೆ. ಕಾವೇರಿಯನ್ನು 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಲಾಯಿತು. ತೇಜಸ್‌ನ ಮುಂದಿನ ಮಾದರಿಗಾಗಿ 2021ರಲ್ಲಿ 99 ಇಂಜಿನ್‌ಗಳಿಗೆ ಒಪ್ಪಂದವಾಯಿತು, ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ. ಅಷ್ಟರೊಳಗೆ ಸಿದ್ಧವಾಗಿದ್ದ ವಿಮಾನಗಳ ಮೈ ಇಂಜಿನ್ನಿನ ದಾರಿ ಕಾಯುತ್ತಿತ್ತು. ಆಕಾರ ಮಾಡುವ ಜಾಣ್ಮೆ ನಮಗೆ 1961ರಲ್ಲೇ ಇತ್ತು. ಅದರೊಳಗಿನ ಬೆಂಕಿಗೆ ಇನ್ನೂ ಬೇರೆಯವರ ಮನೆ ಬಾಗಿಲಿಗೆ ಹೋಗುತ್ತಿದ್ದೇವೆ.

ಬೇಡಿಕೆ ಪಟ್ಟಿ ಎಂಬುದು ಒಂದು ಕಡೆಯ ಆಜ್ಞೆಯಲ್ಲ, ಎರಡು ಕಡೆಯ ಮಾತು. ಮ್ಯಾಕ್ 2 ಬೇಕು ಎಂದು ಬರೆಯುವವರು ಅದಕ್ಕೆ ಬೇಕಾದ ಇಂಜಿನ್ ಕೊಡುತ್ತೇವೆ ಎಂದೂ ಅದೇ ಕಾಗದದಲ್ಲಿ ಬರೆಯಬೇಕು. ಕೊಡಲಾಗದಿದ್ದರೆ ಆ ಸಾಲನ್ನು ತಾವೇ ಹೊಡೆದುಹಾಕಬೇಕು. ಹಾಗೆ ಮಾಡಿದ್ದರೆ ಮಾರುತವನ್ನು ಯಾರೂ ಅರ್ಧ ಗೆದ್ದ ವಿಮಾನ ಎನ್ನುತ್ತಿರಲಿಲ್ಲ, ಒಳ್ಳೆಯ ನೆಲದಾಳಿ ವಿಮಾನ ಎಂದೇ ಕರೆಯುತ್ತಿದ್ದರು.

ಮುಂದಿನ ಸಲ ಕಸ್ತೂರ್ಬಾ ರಸ್ತೆಗೋ ವರ್ಲಿಗೋ ಹೋದಾಗ ಮಕ್ಕಳನ್ನು ಮಾರುತದ ಹಿಂದಕ್ಕೆ ಕರೆದೊಯ್ದು ಆ ಎರಡು ಕೊಳವೆಗಳನ್ನು ತೋರಿಸಿ. ಎಷ್ಟು ಸ್ಪೀಡು ಎಂದು ಕೇಳಿದರೆ, ಅಲ್ಲಿಂದಲೇ ಕಥೆ ಶುರು ಮಾಡಬಹುದು. ಸುರಂಜನ್ ದಾಸ್ ಅವರ ಹೆಸರನ್ನು ಮರೆಯದೆ ಹೇಳಿ.